ಪಗಾರವಿಲ್ಲದ ಪದಾಧಿಕಾರಿಗಳು

2023ರ ಮೇ 13ರಂದು ಬೀದರ್ ಜಿಲ್ಲೆಯ ಹುಮನಾಬಾದ ವಿಧಾನಸಭಾ ಕ್ಷೇತ್ರದ ಮತ ಎಣಿಕೆ ಮುಗಿದಾಗ ಬಿಜೆಪಿಯ ಸಿದ್ದು ಪಾಟೀಲ ಗೆದ್ದಿದ್ದರು, ಕಾಂಗ್ರೆಸ್ಸಿನ ಮಾಜಿ ಸಚಿವ ರಾಜಶೇಖರ ಪಾಟೀಲ ಸೋತಿದ್ದರು. ಅಂತರ ಸುಮಾರು 1,600 ಮತ. ಕ್ಷೇತ್ರದಲ್ಲಿ ಇನ್ನೂರು ಬೂತ್ ಎಂದು ಹಿಡಿದರೂ ಬೂತಿಗೆ ಎಂಟೇ ಮತ. ಒಂದೊಂದು ಬೂತಿನಲ್ಲಿ ಎರಡು ಮನೆಯವರು ಹೊಲಕ್ಕೆ ಹೋಗದೆ ಶಾಲೆಯ ಕಡೆ ಬಂದಿದ್ದರೆ, ಪುಣೆಯಿಂದ ಒಂದು ಕುಟುಂಬ ಹಿಂದಿನ ರಾತ್ರಿಯ ಬಸ್ಸು ಹತ್ತಿದ್ದರೆ ಲೆಕ್ಕ ತಿರುಗುತ್ತಿತ್ತು. ಆ ಎಂಟು ಮತಗಳ ಜಾಡು ಹಿಡಿದು ಓಡಾಡುವವರು ಟಿವಿ ಚರ್ಚೆಯಲ್ಲಿ ಕಾಣಿಸುವುದಿಲ್ಲ. ಅವರ ಹೆಸರಿನ ಹಿಂದೆ ಬೂತ್ ಅಧ್ಯಕ್ಷ, ಬ್ಲಾಕ್ ಕಾರ್ಯದರ್ಶಿ, ಮಂಡಲ ಉಪಾಧ್ಯಕ್ಷ ಎಂಬ ಹುದ್ದೆಗಳಿರುತ್ತವೆ. ಪಗಾರ ಮಾತ್ರ ಇರುವುದಿಲ್ಲ.

ಬಸವಕಲ್ಯಾಣ ತಾಲ್ಲೂಕಿನ ಮಂಠಾಳದಂಥ ಹೋಬಳಿ ಊರಿನಲ್ಲಿ ಪಕ್ಷದ ಕಚೇರಿ ಎಂಬ ಬೋರ್ಡು ಹುಡುಕಿದರೆ ಸಿಗುವುದು ಕಷ್ಟ. ಕಿರಾಣಿ ಅಂಗಡಿ, ಚಹಾದ ಹೋಟೆಲ್ಲು, ಝೆರಾಕ್ಸ್ ಅಂಗಡಿಯ ಬೆಂಚು, ಇವೇ ಕಚೇರಿ. ಕಾಗದದ ಮೇಲೆ ಮಾತ್ರ ರಚನೆ ಬಲು ಅಚ್ಚುಕಟ್ಟು. ಬಿಜೆಪಿಯಲ್ಲಿ ಬೂತ್ ಸಮಿತಿ, ನಾಲ್ಕಾರು ಬೂತ್ ಸೇರಿದ ಶಕ್ತಿ ಕೇಂದ್ರ, ಅದರ ಮೇಲೆ ಮಂಡಲ, ಜಿಲ್ಲೆ. ಬೂತಿನ ಕೆಳಗೂ ಒಂದು ಹಂತವಿದೆ: ಮತದಾರರ ಪಟ್ಟಿಯ ಒಂದು ಹಾಳೆಗೆ ಒಬ್ಬ ಪೇಜ್ ಪ್ರಮುಖ. ಹಾಳೆಯ ಒಂದು ಮಗ್ಗುಲಿಗೆ 30 ಹೆಸರು. ಆ ಹಾಳೆಯ ಮಂದಿಯನ್ನು ವಿಚಾರಿಸಿಕೊಳ್ಳುವುದು ಅವನ ಕೆಲಸ. ಕಾಂಗ್ರೆಸ್ಸಿನಲ್ಲಿ ಬೂತ್ ಸಮಿತಿ, ಬ್ಲಾಕ್ ಕಾಂಗ್ರೆಸ್, ಜಿಲ್ಲೆಗೆ ಡಿಸಿಸಿ, ರಾಜ್ಯಕ್ಕೆ ಕೆಪಿಸಿಸಿ. ಜತೆಗೆ ಯುವ ಕಾಂಗ್ರೆಸ್, ಮಹಿಳಾ ಕಾಂಗ್ರೆಸ್, ಸೇವಾದಳ. ಜೆಡಿಎಸ್‌ನದು ತಾಲ್ಲೂಕು ಅಧ್ಯಕ್ಷರ ಸುತ್ತ ಕಟ್ಟಿದ ಸಡಿಲ ಬಳಗ.

ಈ ಹುದ್ದೆಗಳ ನಿಜವಾದ ಕೆಲಸ ಚುನಾವಣೆ ಇಲ್ಲದ ದಿನಗಳಲ್ಲೇ ಹೆಚ್ಚು. ಬೆಳಿಗ್ಗೆ ಆರಕ್ಕೆ ಫೋನು ಶುರು. "ಕಾಕಾ, ಅವ್ವನ ಪಿಂಚಣಿ ಮೂರು ತಿಂಗಳಾತು ಬಂದಿಲ್ರಿ" ಎಂಬುದು ಒಂದು. ರೇಷನ್ ಕಾರ್ಡಿನಿಂದ ಸೊಸೆಯ ಹೆಸರು ಬಿದ್ದುಹೋಗಿದೆ, ಗೃಹಲಕ್ಷ್ಮಿಯ 2,000 ರೂಪಾಯಿ ಪಕ್ಕದ ಮನೆಗೆ ಬಂತು ನಮಗೆ ಬಂದಿಲ್ಲ, ತೊಗರಿಗೆ ಕಟ್ಟಿದ ವಿಮೆ ಎಲ್ಲಿ ಹೋಯಿತು, ಪಹಣಿಯಲ್ಲಿ ಅಜ್ಜನ ಹೆಸರು ತಪ್ಪಾಗಿದೆ. ಕಾರ್ಯಕರ್ತನಿಗೆ ಇದನ್ನೆಲ್ಲ ಸರಿಪಡಿಸುವ ಅಧಿಕಾರವಿಲ್ಲ. ಆದರೆ ನಾಡಕಚೇರಿಯಲ್ಲಿ ಯಾವ ಟೇಬಲ್ಲಿಗೆ ಹೋಗಬೇಕು, ಆಧಾರ್ ಜೋಡಣೆಗೆ ಯಾವ ಬ್ಯಾಂಕಿನಲ್ಲಿ ಎಷ್ಟು ಹೊತ್ತಿಗೆ ನಿಲ್ಲಬೇಕು ಎಂಬುದು ಗೊತ್ತಿರುತ್ತದೆ. ಕನ್ನಡ, ಮರಾಠಿ, ದಖನಿ ಉರ್ದು ಮೂರರಲ್ಲೂ ಮಾತಾಡುವ ಗಡಿ ಸೀಮೆಯಿದು. ಒಂದೇ ಅರ್ಜಿಯನ್ನು ಮೂರು ಭಾಷೆಯಲ್ಲಿ ವಿವರಿಸಿ, ಕೊನೆಗೆ ಕನ್ನಡದಲ್ಲಿ ಬರೆದುಕೊಡುವುದು ಇಲ್ಲಿಯ ಕಾರ್ಯಕರ್ತನಿಗೆ ಬಂದಿರಲೇಬೇಕಾದ ವಿದ್ಯೆ. ಪೆಟ್ರೋಲು ಅವನದೇ, ಹೆಚ್ಚಿನ ಸಲ ಚಹಾದ ಬಿಲ್ಲೂ ಅವನದೇ.

ಎರಡನೆಯ ವಿದ್ಯೆ ಮತದಾರರ ಪಟ್ಟಿಯದು. ಮಾನ್ಯತೆ ಪಡೆದ ಪಕ್ಷಗಳು ಪ್ರತಿ ಬೂತಿಗೆ ಒಬ್ಬ ಮತಗಟ್ಟೆ ಮಟ್ಟದ ಏಜೆಂಟನನ್ನು, ಅಂದರೆ ಬಿಎಲ್‌ಎಯನ್ನು, ನೇಮಿಸಬಹುದು ಎಂದು ಚುನಾವಣಾ ಆಯೋಗ ಅವಕಾಶ ಕೊಟ್ಟಿದೆ. ಸರ್ಕಾರದ ಕಡೆಯ ಬಿಎಲ್‌ಒ ಬಹುಪಾಲು ಶಾಲಾ ಶಿಕ್ಷಕರೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರುತ್ತಾರೆ. ಪಕ್ಷದ ಕಡೆಯವನು ಈ ಬಿಎಲ್‌ಎ. ಹೊಸ ಹೆಸರಿಗೆ ನಮೂನೆ 6, ತೆಗೆಸಲು 7, ತಿದ್ದುಪಡಿ ಇಲ್ಲವೇ ವಿಳಾಸ ಬದಲಾವಣೆಗೆ 8. ಅನುಭವಸ್ಥನ ಕೈಯಲ್ಲಿರುವ ಪಟ್ಟಿಯ ಪ್ರತಿ ನೋಡಬೇಕು. ತೀರಿಕೊಂಡವರ ಮೇಲೆ ಅಡ್ಡಗೆರೆ, ಮದುವೆಯಾಗಿ ಗಂಡನ ಊರಿಗೆ ಹೋದವಳ ಪಕ್ಕ ಆ ಊರಿನ ಹೆಸರು, ದುಡಿಯಲು ಹೋದವರ ಮುಂದೆ ಹೈದರಾಬಾದು, ಪುಣೆ, ಮುಂಬೈ ಎಂದು ಗುರುತು, ಮೊಬೈಲ್ ನಂಬರು. ನಮ್ಮವರು, ಅವರವರು, ಹೇಳಲಾಗದು ಎಂದು ಮೂರು ಬಣ್ಣದ ಪೆನ್ನಿನ ಚುಕ್ಕೆ. ಪಟ್ಟಿಯ ಅರ್ಧಭಾಗವನ್ನು ನೋಡದೆಯೇ ಹೇಳಬಲ್ಲವರೂ ಇದ್ದಾರೆ. ಇಂಥ ಒಂದು ಕಟ್ಟು ಹಾಳೆಯ ಮುಂದೆ ಬೆಂಗಳೂರಿನಿಂದ ಬರುವ ಸಮೀಕ್ಷೆಗಳು ತೀರ ತೆಳು.

ಮತದಾನದ ದಿನ ಈ ವಿದ್ಯೆಗೆ ಪರೀಕ್ಷೆ. 2023ರ ಮೇ 10ರಂದು ಮತದಾನ ಬೆಳಿಗ್ಗೆ 7ಕ್ಕೆ ಶುರುವಾಯಿತು. ಪಕ್ಷಗಳ ಏಜೆಂಟರು ಶಾಲೆಯ ಕೋಣೆಯಲ್ಲಿರಬೇಕಾದದ್ದು ಅದಕ್ಕೂ ಒಂದೂವರೆ ತಾಸು ಮೊದಲು. ಅವರ ಎದುರಿಗೇ ಅಣಕು ಮತದಾನ ನಡೆಯಬೇಕು, ಕನಿಷ್ಠ 50 ಮತ. ಒತ್ತಿದ ಗುಂಡಿಗೂ ವಿವಿಪ್ಯಾಟ್‌ನ ಗಾಜಿನ ಹಿಂದೆ ಏಳು ಸೆಕೆಂಡು ಕಾಣುವ ಚೀಟಿಗೂ ತಾಳೆ ನೋಡಿ, ಎಣಿಸಿ, ಯಂತ್ರದ ಲೆಕ್ಕ ಅಳಿಸಿ, ಚೀಟಿಗಳನ್ನು ಕಪ್ಪು ಲಕೋಟೆಯಲ್ಲಿ ಹಾಕಿ ಮೊಹರು ಮಾಡುತ್ತಾರೆ. ಹಸಿರು ಕಾಗದದ ಸೀಲಿನ ಮೇಲೆ ಏಜೆಂಟರ ಸಹಿ. ಆಮೇಲೆ ಸಂಜೆಯವರೆಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಹೆಸರು ಕೂಗಿದಂತೆಲ್ಲ ತನ್ನ ಪಟ್ಟಿಯಲ್ಲಿ ಗೆರೆ ಹೊಡೆಯುವುದು.

ಹೊರಗೆ ಇನ್ನೊಂದು ತಂಡ. ಮತಗಟ್ಟೆಯಿಂದ 200 ಮೀಟರ್ ಆಚೆ ಒಂದು ಮೇಜು, ಎರಡು ಕುರ್ಚಿ, ಬಿಸಿಲಿಗೊಂದು ತಾಡಪಾಲು, 2023ರಲ್ಲಿ ನಿಯಮ ಒಪ್ಪುತ್ತಿದ್ದುದು ಇಷ್ಟಕ್ಕೇ. ಮಧ್ಯಾಹ್ನ ಒಂದರ ಹೊತ್ತಿಗೆ ಗೆರೆ ಬೀಳದ ಹೆಸರುಗಳ ಲೆಕ್ಕ ಹೊರಗೆ ತಲುಪಿರುತ್ತದೆ, ಹುಡುಗರು ಬೈಕು ಹತ್ತುತ್ತಾರೆ. ಮತದಾರರನ್ನು ಗಾಡಿಯಲ್ಲಿ ಕರೆತರುವುದು ಚುನಾವಣಾ ಕಾನೂನಿನಲ್ಲಿ ಅಪರಾಧ ಎಂಬುದು ಎಲ್ಲರಿಗೂ ಗೊತ್ತು. ಮೇ ತಿಂಗಳ ಬೀದರ್ ಬಿಸಿಲಿನಲ್ಲಿ ಆ ತಿಳಿವಳಿಕೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಯಾರೂ ಕೇಳಹೋಗುವುದಿಲ್ಲ. ಸಂಜೆ ಯಂತ್ರ ಮುಚ್ಚಿದ ಮೇಲೆ ಚಲಾವಣೆಯಾದ ಮತಗಳ ಲೆಕ್ಕವಿರುವ ನಮೂನೆ 17ಸಿಯ ಪ್ರತಿ ಪಡೆಯದೆ ಒಳ್ಳೆಯ ಏಜೆಂಟ್ ಎದ್ದುಹೋಗುವುದಿಲ್ಲ. ಎಣಿಕೆಯ ದಿನ ತಕರಾರು ಬಂದರೆ ಪಕ್ಷದ ಕೈಯಲ್ಲಿರುವ ದಾಖಲೆ ಅದೇ.

ಈ ಸೀಮೆಯಲ್ಲಿ ಪಕ್ಷದ ಕೆಲಸ ಹುಟ್ಟಿದ್ದೇ ಅಪಾಯದೊಳಗೆ. ಬ್ರಿಟಿಷ್ ಪ್ರಾಂತದ ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರರು 1923ರಲ್ಲಿ ಸೇವಾದಳ ಕಟ್ಟಿ ಸ್ವಯಂಸೇವಕರಿಗೆ ಕವಾಯತು ಕಲಿಸುತ್ತಿದ್ದಾಗ, ನಿಜಾಮರ ಆಳ್ವಿಕೆಯ ಬೀದರಿನಲ್ಲಿ ಅಂಥದ್ದಕ್ಕೆ ಜಾಗವೇ ಇರಲಿಲ್ಲ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಮೇಲೆ 1938ರಲ್ಲಿ, ಅದು ನೆಟ್ಟಗೆ ನಿಲ್ಲುವ ಮೊದಲೇ, ನಿಷೇಧ ಬಿತ್ತು, ತೆರವಾದದ್ದು 1946ರಲ್ಲಿ. ಸದಸ್ಯನಾಗುವುದೆಂದರೆ ಜೈಲಿಗೆ ತಯಾರಾಗುವುದು. 1948ರಲ್ಲಿ ರಜಾಕಾರರ ಹತ್ಯಾಕಾಂಡ ಕಂಡ ಗೋರ್ಟಾ ಇಲ್ಲಿಯದೇ ಊರು. ಅಲ್ಲಿಯ ಹುತಾತ್ಮ ಸ್ಮಾರಕವನ್ನು ಅಮಿತ್ ಶಾ ಉದ್ಘಾಟಿಸಿದ್ದು 2023ರ ಮಾರ್ಚ್ 26ರಂದು, ವಿಧಾನಸಭಾ ಚುನಾವಣೆಗೆ ಆರು ವಾರ ಇರುವಾಗ.

ಪಕ್ಷದ ಏಣಿಯ ಕೆಳಗಿನ ಮೆಟ್ಟಿಲಿನಿಂದ ಮೇಲಕ್ಕೆ ಹೋದವರ ಕಥೆಗಳು ಇಲ್ಲಿ ಬಾಯಿಪಾಠ. ಬೀದರ್ ಜಿಲ್ಲೆಯ ವರವಟ್ಟಿಯಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಖರ್ಗೆ 1969ರಲ್ಲಿ ಗುಲಬರ್ಗಾ ನಗರ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾದರು, 1972ರಲ್ಲಿ ಗುರುಮಠಕಲ್‌ನಿಂದ ಶಾಸಕರಾದರು, 2022ರಲ್ಲಿ ಎಐಸಿಸಿ ಅಧ್ಯಕ್ಷರು. ಹುಮನಾಬಾದಿನ ರಾಮಚಂದ್ರ ವೀರಪ್ಪ 1962 ಮತ್ತು 1967ರಲ್ಲಿ ಕಾಂಗ್ರೆಸ್ಸಿನಿಂದ ಬೀದರ್ ಸಂಸದರಾಗಿ, ಎರಡು ದಶಕ ಕಳೆದ ಮೇಲೆ 1991ರಿಂದ ಬಿಜೆಪಿಯಿಂದ ಮತ್ತೆ ಮತ್ತೆ ಗೆದ್ದರು. ಕೊನೆಯ ಗೆಲುವು 2004ರದ್ದು. ಆಗ ಅವರಿಗೆ ತೊಂಬತ್ತು ದಾಟಿತ್ತು.

ಈಚಿನ ಕಥೆಗಳು ಬೇರೆ. ಬಸವಕಲ್ಯಾಣ 2008ರಲ್ಲಿ ಬಿಜೆಪಿಗೆ, 2013ರಲ್ಲಿ ಜೆಡಿಎಸ್‌ಗೆ, 2018ರಲ್ಲಿ ಕಾಂಗ್ರೆಸ್ಸಿಗೆ ಒಲಿದ ಕ್ಷೇತ್ರ. ಶಾಸಕ ಬಿ. ನಾರಾಯಣರಾವ್ 2020ರ ಸೆಪ್ಟೆಂಬರಿನಲ್ಲಿ ಕೋವಿಡ್‌ನಿಂದ ತೀರಿಕೊಂಡ ಮೇಲೆ 2021ರ ಏಪ್ರಿಲ್ 17ರಂದು ಉಪಚುನಾವಣೆ ನಡೆಯಿತು. ಬಿಜೆಪಿ ಟಿಕೆಟ್ಟು ಶರಣು ಸಲಗರ ಅವರಿಗೆ ಹೋದಾಗ ಹೊರಗಿನವರಿಗೆ ಕೊಟ್ಟರೆಂದು ಸ್ಥಳೀಯ ಆಕಾಂಕ್ಷಿಗಳು ಸಿಡಿದರು. ಮಾಜಿ ಶಾಸಕ ಮಲ್ಲಿಕಾರ್ಜುನ ಖೂಬಾ ಬಂಡಾಯವೆದ್ದರು. ಸಲಗರ 20 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು, 2023ರಲ್ಲೂ ಗೆದ್ದರು. ಆ ಸಲ ಅವರೆದುರು ಕಾಂಗ್ರೆಸ್ ನಿಲ್ಲಿಸಿದ್ದು ಜೇವರ್ಗಿಯವರಾದ ಮಾಜಿ ಮುಖ್ಯಮಂತ್ರಿ ಧರ್ಮಸಿಂಗ್ ಅವರ ಮಗ ವಿಜಯಸಿಂಗ್ ಅವರನ್ನು. ಪಕ್ಕದ ಹುಮನಾಬಾದದಲ್ಲಿ ಜೆಡಿಎಸ್ ಅಭ್ಯರ್ಥಿ ಸಿ.ಎಂ. ಫಯಾಜ್, ಪಕ್ಷದ ಆಗಿನ ರಾಜ್ಯಾಧ್ಯಕ್ಷ ಸಿ.ಎಂ. ಇಬ್ರಾಹಿಂ ಅವರ ಮಗ. ಬಾವುಟ ಮೂರಾದರೂ ಚಾಳಿ ಒಂದೇ: ಬೂತು ಕಟ್ಟಲು ಊರವರು, ಬಿ ಫಾರಂ ಮೇಲಿನಿಂದ. ಗೆಲ್ಲಬಲ್ಲವರಿಗೆ ಕೊಟ್ಟೆವು ಎಂದು ವರಿಷ್ಠರು ಹೇಳುತ್ತಾರೆ. ಫಲಿತಾಂಶ ಒಮ್ಮೊಮ್ಮೆ ಅವರ ಪರವೂ ಬರುತ್ತದೆ. ಆದರೆ ಇಪ್ಪತ್ತು ವರ್ಷ ಪಟ್ಟಿ ತಿದ್ದಿದವನಿಗೆ ಅದರಿಂದ ಸಮಾಧಾನ ಸಿಗಬೇಕೆಂದು ಬಯಸುವುದು ಅತಿಯಾಯಿತು.

ಅಂಥವರ ಪಾಲಿಗೆ ಇದ್ದ ನಡುವಿನ ಮೆಟ್ಟಿಲು ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ. ಗ್ರಾಮ ಪಂಚಾಯಿತಿ ಚುನಾವಣೆ ಕಾನೂನಿನ ಪ್ರಕಾರ ಪಕ್ಷಾತೀತ. ಪಕ್ಷದ ಚಿಹ್ನೆ ಸಿಗುತ್ತಿದ್ದುದು ಮೇಲಿನ ಈ ಎರಡರಲ್ಲಿ. 2016ರ ಫೆಬ್ರುವರಿಯಲ್ಲಿ ಚುನಾಯಿತರಾದವರ ಅವಧಿ 2021ರಲ್ಲಿ ಮುಗಿಯಿತು. ಆ ವರ್ಷವೇ ಸರ್ಕಾರ ಕಾಯ್ದೆ ತಿದ್ದಿ, ಕ್ಷೇತ್ರ ವಿಂಗಡಣೆಯನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಪ್ರತ್ಯೇಕ ಆಯೋಗಕ್ಕೆ ಕೊಟ್ಟಿತು. ವಿಷಯ ಕೋರ್ಟು ಹತ್ತಿತು, ಸರ್ಕಾರವೂ ಬದಲಾಯಿತು, ಅಷ್ಟರಲ್ಲಿ ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ಕಾರುಬಾರು. ಶಾಸಕರಿಗೆ ಇದರಿಂದ ನಷ್ಟವೇನಿಲ್ಲ. ಕ್ಷೇತ್ರದಲ್ಲಿ ಸರಿಸಮ ನಿಲ್ಲುವ ಜಿಲ್ಲಾ ಪಂಚಾಯಿತಿ ಸದಸ್ಯನೊಬ್ಬ ಇಲ್ಲದಿದ್ದರೆ ಅನುಕೂಲವೇ.

ಉಳಿದದ್ದು ನಾಮನಿರ್ದೇಶನ. ಬಗರ್‌ಹುಕುಂ ಸಮಿತಿ, ಆಶ್ರಯ ಸಮಿತಿ, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ, ಹೀಗೆ ಶಾಸಕರ ಶಿಫಾರಸಿನ ಮೇಲೆ ಸಿಗುವ ಜಾಗಗಳು. ಕಾಂಗ್ರೆಸ್ ಸರ್ಕಾರ ಗೃಹಲಕ್ಷ್ಮಿಯಂಥ ಗ್ಯಾರಂಟಿ ಯೋಜನೆಗಳ ಅನುಷ್ಠಾನಕ್ಕೆಂದು ತಾಲ್ಲೂಕು ಮಟ್ಟದವರೆಗೂ ಸಮಿತಿ ಮಾಡಿ ಕಾರ್ಯಕರ್ತರನ್ನು ಕೂರಿಸಿತು. ಪಕ್ಷದವರಿಗೆ ಖಜಾನೆಯಿಂದ ಗೌರವಧನವೇ ಎಂದು 2025ರ ಮಾರ್ಚಿನಲ್ಲಿ ವಿರೋಧ ಪಕ್ಷಗಳು ಸದನದಲ್ಲಿ ಗದ್ದಲವೆಬ್ಬಿಸಿದವು. ಆಕ್ಷೇಪಕ್ಕೆ ಬಲವಿದೆ. ಆದರೆ ನಿಗಮ ಮಂಡಳಿಗಳನ್ನು ತುಂಬುವಾಗ ಯಾವ ಪಕ್ಷವೂ ಈ ಸಂಕೋಚ ತೋರಿಸಿದ್ದಿಲ್ಲ. ಬಸವಕಲ್ಯಾಣದ ಮಾಜಿ ಶಾಸಕ ಎಂ.ಜಿ. ಮುಳೆ ಮರಾಠಾ ಅಭಿವೃದ್ಧಿ ನಿಗಮದ ಅಧ್ಯಕ್ಷರಾದದ್ದೂ, 2024ರಲ್ಲಿ ಬಿಜೆಪಿಯಿಂದ ವಿಧಾನ ಪರಿಷತ್ತಿಗೆ ಹೋದದ್ದೂ ಇಂಥ ಹಂಚಿಕೆಯ ಲೆಕ್ಕಾಚಾರದಲ್ಲೇ.

ಜಿಲ್ಲಾ ಪಂಚಾಯಿತಿ ಚುನಾವಣೆಯ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಹೋಬಳಿ ಊರುಗಳ ಹೋಟೆಲ್ಲುಗಳಲ್ಲಿ ಲೆಕ್ಕ ಮತ್ತೆ ಶುರು. ಗಡಿ ಎಲ್ಲಿ ಕೊಯ್ಯುತ್ತಾರೆ, ಯಾವ ಹಳ್ಳಿ ಒಳಗೆ, ಯಾವುದು ಹೊರಗೆ. ಮೀಸಲಾತಿ ಸಾಮಾನ್ಯವೋ, ಪರಿಶಿಷ್ಟರಿಗೋ, ಹಿಂದುಳಿದ ವರ್ಗಕ್ಕೋ, ಮಹಿಳೆಗೋ. ಅರ್ಧ ಜಾಗ ಮಹಿಳೆಯರದು. ಆದ್ದರಿಂದ ಹಬ್ಬಕ್ಕೆ ಶುಭ ಕೋರುವ ಬ್ಯಾನರು ಬರೆಸುವಾಗ ಜಾಣ ಪದಾಧಿಕಾರಿ ತನ್ನ ಫೋಟೊದ ಪಕ್ಕ ಹೆಂಡತಿಯದನ್ನೂ ಹಾಕಿಸುತ್ತಾನೆ. ಮಹಿಳಾ ಸ್ವಸಹಾಯ ಸಂಘದ ಪುಸ್ತಕ ಹತ್ತಾರು ವರ್ಷ ನಿಭಾಯಿಸಿದ ಆಕೆಗೆ ಊರಿನ ಮನೆ ಮನೆಯೂ ಗೊತ್ತು, ಪಟ್ಟಿಯೂ ಗೊತ್ತು. ಬೂತ್ ಸಮಿತಿಯಲ್ಲಿ ಆಕೆಯ ಹೆಸರು ಮಾತ್ರ ಬಹಳ ಕಡೆ ಇನ್ನೂ ಏರಿಲ್ಲ.