ಕಪ್ಪೆಚಿಪ್ಪು ಫಿಲ್ಟರ್ ಅಲ್ಲ, ಹಸಿಯುವ ಜೀವ

"ಎರಡು ಕಪ್ಪೆಚಿಪ್ಪು ಬಿಡಿ ಸಾಕು, ಫಿಲ್ಟರೇ ಬೇಡ, ನೀರು ತಾನಾಗಿ ತಿಳಿಯಾಗುತ್ತೆ." ಅಕ್ವೇರಿಯಂ ಇಟ್ಟವರ ನಡುವೆ ಓಡಾಡುವ ಈ ಮಾತಿನಲ್ಲಿ ಅರ್ಧ ನಿಜವಿದೆ. ಅಪಾಯ ಇರುವುದೂ ಅಲ್ಲೇ.

ಮರಳಿನಲ್ಲಿ ಹೂತುಕೊಂಡ ಕಪ್ಪೆಚಿಪ್ಪನ್ನು ಗಾಜಿಗೆ ಮುಖವಿಟ್ಟು ನೋಡಿ. ಚಿಪ್ಪಿನ ಹಿಂಬದಿಯ ಅಂಚು ಮಾತ್ರ ಮೇಲಿರುತ್ತದೆ. ಅಲ್ಲಿ ಎರಡು ಪುಟ್ಟ ಕಿಂಡಿಗಳು. ಒಂದರ ಸುತ್ತ ಕಣ್ಣಿನ ರೆಪ್ಪೆಗೂದಲಿನಂಥ ಕುಚ್ಚು. ನೀರು ಒಳಗೆ ಹೋಗುವುದು ಅದರ ಮೂಲಕ, ಹೊರಬರುವುದು ಇನ್ನೊಂದರಿಂದ. ಕಿವಿರಿನ ಮೇಲೆ ಒಂದೇ ಸಮನೆ ಆಡುವ ಸೂಕ್ಷ್ಮ ರೋಮಗಳು ಈ ಹರಿವನ್ನು ನಡೆಸುತ್ತವೆ. ಪಾಚಿಯ ಕಣ, ಬ್ಯಾಕ್ಟೀರಿಯಾ ಲೋಳೆಯಲ್ಲಿ ಸಿಕ್ಕಿಕೊಂಡು ಬಾಯಿಗೆ ಸಾಗುತ್ತವೆ. ಬೇಡವಾದದ್ದು ಲೋಳೆಯ ಉಂಡೆಯಾಗಿ ಮತ್ತೆ ತೊಟ್ಟಿಗೇ ಬೀಳುತ್ತದೆ. ಹೀಗೆ ನೀರಿನ ಕದಡು ಇಳಿಯುವುದು ನಿಜ. ಆದರೆ ಮೀನನ್ನು ಕೊಲ್ಲುವುದು ಕದಡಲ್ಲ, ಕಣ್ಣಿಗೆ ಕಾಣದಂತೆ ಕರಗಿರುವ ಅಮೋನಿಯ. ಅದನ್ನು ಕಪ್ಪೆಚಿಪ್ಪು ಹೀರಿಕೊಳ್ಳುವುದಿಲ್ಲ. ಮೀನಿನಂತೆ ತಾನೂ ಅಮೋನಿಯವನ್ನೇ ಹೊರಹಾಕುತ್ತದೆ. ಆ ವಿಷವನ್ನು ಪಳಗಿಸುವ ಕೆಲಸ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳದ್ದು.

"ಮೀನು ಬಿಟ್ಟ ಕಾಳು, ಕಸ ತಿಂದುಕೊಂಡು ಇರುತ್ತೆ ಬಿಡಿ" ಎಂಬ ನಂಬಿಕೆ ಇದಕ್ಕಿಂತ ಕೆಟ್ಟದ್ದು. ತಳದಲ್ಲಿ ಬಿದ್ದ ಕಾಳನ್ನು ಹೆಕ್ಕಿ ತಿನ್ನುವ ಅಂಗವೇ ಅದಕ್ಕಿಲ್ಲ. ಅದಕ್ಕೆ ಬೇಕಾದದ್ದು ನೀರಿನಲ್ಲಿ ತೇಲುವ ಅತಿ ಸಣ್ಣ ಕಣಗಳು. ನಾವೋ ತೊಟ್ಟಿಯ ನೀರು ಗಾಜಿನ ಹಾಗೆ ಹೊಳೆಯಬೇಕೆಂದು ಆ ಕಣಗಳನ್ನೇ ಸೋಸಿ ತೆಗೆಯುತ್ತೇವೆ. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ ಕರಗುವವರೆಗೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಅದು ಉಪವಾಸದಲ್ಲೇ ಜೀವ ಹಿಡಿದುಕೊಂಡಿರುತ್ತದೆ. ಆಮೇಲೆ ಸಾಯುತ್ತದೆ. "ಅದರ ಆಯಸ್ಸೇ ಅಷ್ಟು" ಎನ್ನುತ್ತೇವೆ. ಯುರೋಪಿನ ಹೊಳೆಗಳ ಮುತ್ತಿನ ಚಿಪ್ಪು ನೂರು ವರ್ಷ ದಾಟಿ ಬದುಕುತ್ತದೆ! ನಮ್ಮ ಕೆರೆಗಳ ಜಾತಿಗಳು ಅಷ್ಟು ಕಾಲ ಬಾಳಲಿಕ್ಕಿಲ್ಲ, ಆದರೆ ಗಾಜಿನ ತೊಟ್ಟಿಯಲ್ಲಿ ಕೆಲವೇ ತಿಂಗಳಿಗೆ ಸತ್ತರೆ ಅದನ್ನು ಮುಪ್ಪು ಎನ್ನಲಾಗದು.

ಸಾಕಲೇಬೇಕೆಂದರೆ ಬಡಿಸಬೇಕು. ಬಕೆಟಿನಲ್ಲಿ ತೊಟ್ಟಿಯ ಹಳೆಯ ನೀರು ತುಂಬಿ ಬಿಸಿಲಿಗಿಟ್ಟರೆ ಕ್ರಮೇಣ ಹಸಿರಾಗುತ್ತದೆ. ಆ ಹಸಿರೇ ಅದರ ಊಟ. ಸ್ಪಿರುಲಿನಾ ಪುಡಿಯನ್ನು ನೀರಿನಲ್ಲಿ ಚೆನ್ನಾಗಿ ಕದಡಿಯೂ ಕೊಡಬಹುದು. ಬಡಿಸುವ ಹೊತ್ತು ಫಿಲ್ಟರನ್ನು ಸ್ವಲ್ಪ ನಿಲ್ಲಿಸಿ, ಮರೆಯದೆ ಮತ್ತೆ ಹಾಕಿ. ತಳಕ್ಕೆ ಎರಡು ಮೂರು ಇಂಚು ನುಣುಪು ಮರಳಿರಲಿ, ಚೂಪು ಜಲ್ಲಿ ಬೇಡ. ಇಷ್ಟು ಮಾಡಲು ಪುರುಸೊತ್ತಿಲ್ಲದವರು ಅದನ್ನು ಕೊಳ್ಳದಿರುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಆರ್‌ಒ ನೀರು ಶುದ್ಧ, ಅದೇ ಒಳ್ಳೆಯದು ಎಂದು ತುಂಬುವವರಿದ್ದಾರೆ. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರಲ್ಲ, ಅಂದರೆ ಚಿಪ್ಪೆಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬನೇಟ್. ಅದಕ್ಕೆ ಬೇಕಾದ ಕ್ಯಾಲ್ಸಿಯಂ ಹೆಚ್ಚಾಗಿ ನೀರಿನಿಂದಲೇ ಬರಬೇಕು. ಬರೀ ಆರ್‌ಒ ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ನೀರು ಹುಳಿಯಾದರಂತೂ ಇದ್ದ ಚಿಪ್ಪೂ ಸವೆಯುತ್ತದೆ.

ಸತ್ತದ್ದನ್ನು ಗುರುತಿಸುವುದರಲ್ಲೂ ಗೊಂದಲವಿದೆ. ಬಿಗಿಯಾಗಿ ಮುಚ್ಚಿಕೊಂಡರೆ ಸತ್ತಿದೆ ಎಂದು ಎಸೆಯುವವರುಂಟು. ವಾಸ್ತವ ತಿರುಗುಮುರುಗು. ಎರಡು ಚಿಪ್ಪನ್ನು ಬೆಸೆದ ಕೀಲಿನ ಪಟ್ಟಿ ಸದಾ ಅವನ್ನು ತೆರೆಯಲು ಎಳೆಯುತ್ತಿರುತ್ತದೆ. ಮುಚ್ಚಿ ಹಿಡಿಯುವುದು ಒಳಗಿನ ಸ್ನಾಯು. ಜೀವ ಹೋದರೆ ಸ್ನಾಯು ಸಡಿಲಗೊಂಡು ಚಿಪ್ಪು ಬಾಯಿಬಿಡುತ್ತದೆ. ಸ್ವಲ್ಪ ತೆರೆದದ್ದನ್ನು ಮೆಲ್ಲಗೆ ಮುಟ್ಟಿ: ಮುಚ್ಚಿಕೊಂಡರೆ ಬದುಕಿದೆ, ಅಗಲಕ್ಕೆ ತೆರೆದು ಸುಮ್ಮನಿದ್ದು ನಾತ ಹೊಡೆದರೆ ತಕ್ಷಣ ತೆಗೆಯಿರಿ. ಮರಳಿನೊಳಗೆ ಕೊಳೆತ ಒಂದೇ ಒಂದು ದೊಡ್ಡ ಕಪ್ಪೆಚಿಪ್ಪು ಸಣ್ಣ ತೊಟ್ಟಿಯ ಅಮೋನಿಯ ಏರಿಸಿ ಮೀನುಗಳನ್ನೆಲ್ಲ ಸಾಯಿಸಬಲ್ಲದು. ಅದಕ್ಕೇ ಪ್ರತಿಯೊಂದೂ ಎಲ್ಲಿ ಹೂತಿದೆಯೆಂದು ಆಗಾಗ ಹುಡುಕಿ ನೋಡಬೇಕು.

ಕಪ್ಪೆಚಿಪ್ಪು ಮೀನು ಹಿಡಿದು ತಿನ್ನುತ್ತದೆಂಬುದು ಸುಳ್ಳು. ಪಫರ್ ಮೀನೇ ಅದನ್ನು ತಿನ್ನುತ್ತದೆ. ದೊಡ್ಡ ಸಿಕ್ಲಿಡ್‌ಗಳು ಕುಕ್ಕುತ್ತವೆ. ಮೀನಿನ ಕಾಯಿಲೆಗೆ ಹಾಕುವ ತಾಮ್ರದ ಔಷಧಿಯೂ ಇದಕ್ಕೆ ವಿಷ.

ಮರಿ ಹಾಕಿ ತೊಟ್ಟಿ ತುಂಬುತ್ತದೆಯೇ? ಅದು ಜಾತಿಯ ಮೇಲೆ ಹೋಗುತ್ತದೆ. ನಮ್ಮ ಕೆರೆಗಳ ಲ್ಯಾಮೆಲ್ಲಿಡೆನ್ಸ್ ಮಾರ್ಜಿನಾಲಿಸ್‌ನಂಥ ದೊಡ್ಡ ಜಾತಿಗಳ ಮರಿಹುಳು, ಅಂದರೆ ಗ್ಲೋಕಿಡಿಯಂ, ಮೀನಿನ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಂಡು ಕೆಲಕಾಲ ಬೆಳೆದರೆ ಮಾತ್ರ ಮುಂದೆ ಚಿಪ್ಪಾಗುತ್ತದೆ. ತಾಯಿಯ ಕಿವಿರಿನಲ್ಲೇ ಇವನ್ನು ಕಂಡ ರಾಥ್ಕೆ ಎಂಬ ವಿಜ್ಞಾನಿ 1797ರಲ್ಲಿ ಇವು ಬೇರೆಯೇ ಪರೋಪಜೀವಿಗಳೆಂದು ತಿಳಿದು ಹೆಸರಿಟ್ಟಿದ್ದ! ನಾಲ್ಕಾರು ಅಂಟಿಕೊಂಡರೆ ದೊಡ್ಡ ಮೀನಿಗೆ ತೊಂದರೆಯಿಲ್ಲ. ಮರಿಮೀನಿನ ಕಿವಿರು ತುಂಬಿದರೆ ಕಷ್ಟ. ಹೊಂದುವ ಮೀನು, ಸರಿಯಾದ ಆಹಾರ ಎರಡೂ ಕೂಡಿಬರುವುದು ಅಪರೂಪವಾದ್ದರಿಂದ ಮನೆಯ ತೊಟ್ಟಿಯಲ್ಲಿ ಇವುಗಳ ಸಂತಾನ ಮುಂದುವರಿಯುವುದಿಲ್ಲವೆಂದೇ ಹೇಳಬೇಕು.

ಅಂಗಡಿಯಲ್ಲಿ ಸಿಗುವ ಬಂಗಾರದ ಬಣ್ಣದ ಪುಟ್ಟ ಕಾರ್ಬಿಕ್ಯುಲಾ ಹಾಗಲ್ಲ. ಕಾರ್ಬಿಕ್ಯುಲಾ ಫ್ಲೂಮಿನಿಯಾಕ್ಕೆ ಮೀನಿನ ಹಂಗಿಲ್ಲ. ಒಂದೇ ದೇಹದಲ್ಲಿ ಗಂಡು ಹೆಣ್ಣು ಎರಡೂ ಇರುವುದರಿಂದ ಜೊತೆಯೂ ಬೇಕಿಲ್ಲ. ಏಷ್ಯಾ ಮೂಲದ ಈ ಜಾತಿ 1938ರಲ್ಲಿ ಅಮೆರಿಕದ ಕೊಲಂಬಿಯಾ ನದಿಯಲ್ಲಿ ಕಾಣಿಸಿಕೊಂಡು, ಮುಂದೆ ಆ ದೇಶದ ಹೆಚ್ಚಿನ ನದಿಗಳಿಗೆ ಹಬ್ಬಿತು. 2021ರಲ್ಲಿ ಅಲ್ಲಿನ ಅಕ್ವೇರಿಯಂ ಅಂಗಡಿಗಳ ಪಾಚಿ ಉಂಡೆಗಳಲ್ಲಿ ಇನ್ನೊಂದು ಹಾವಳಿಕೋರ ಚಿಪ್ಪು, ಜೀಬ್ರಾ ಮಸೆಲ್, ಅಡಗಿದ್ದು ಪತ್ತೆಯಾಗಿತ್ತು. ಆದ್ದರಿಂದ ಸಾಕಿ ಬೇಸರವಾದ ಚಿಪ್ಪನ್ನು ಪುಣ್ಯವೆಂದು ಕೆರೆಗೆ ಬಿಡಬೇಡಿ, ಅಂಗಡಿಗೇ ಹಿಂದಿರುಗಿಸಿ. ತೊಟ್ಟಿಯಿಂದ ತೆಗೆದ ನೀರನ್ನೂ ಹಳ್ಳಕ್ಕೋ ಚರಂಡಿಗೋ ಚೆಲ್ಲದೆ ಗಿಡಗಳ ಬುಡಕ್ಕೆ ಹಾಕಿ.