ಕಾಲೇಜು ಸಭಾಂಗಣಕ್ಕೆ ನಿಸ್ತಂತು ಕೈಮೈಕು: ಮಿತವ್ಯಯದಲ್ಲಿ ಸೂಕ್ತ ಆಯ್ಕೆ

ಗ್ರಾಮ ಪಂಚಾಯತ್ ಸದಸ್ಯರ ಮಾಹಿತಿಗಾಗಿ

ತಮ್ಮ ವ್ಯಾಪ್ತಿಯ ಕಾಲೇಜಿಗೆ ಮೈಕಿನ ವ್ಯವಸ್ಥೆ ಮಾಡಿಕೊಡಬೇಕೆಂಬ ಮನವಿ ಸದಸ್ಯರ ಮುಂದೆ ಆಗಾಗ ಬರುವುದುಂಟು. ಕಾಲೇಜಿನ ಸಭಾಂಗಣವು ವಿದ್ಯಾರ್ಥಿಗಳಿಗಷ್ಟೇ ಸೀಮಿತವಾದ ಸ್ಥಳವಲ್ಲ. ಹಲವು ಊರುಗಳಲ್ಲಿ ಗ್ರಾಮಸಭೆ, ಮಾಹಿತಿ ಶಿಬಿರ, ತಾಳಮದ್ದಳೆಗಳೂ ಅಲ್ಲಿಯೇ ನಡೆಯುತ್ತವೆ. ಮಳೆಗಾಲದ ವಿಪತ್ತಿನಲ್ಲಿ ಶಾಲಾ ಕಾಲೇಜು ಕಟ್ಟಡಗಳೇ ಕಾಳಜಿ ಕೇಂದ್ರಗಳಾಗುತ್ತವೆ. 2019ರ ಆಗಸ್ಟ್ ತಿಂಗಳ ನೆರೆಯನ್ನು ಕಂಡ ಚಾರ್ಮಾಡಿ, ಕಕ್ಕಿಂಜೆ ಭಾಗದ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಈ ಖರೀದಿಯು ಚಿಕ್ಕದಾದರೂ ವಿಚಾರಪೂರ್ವಕವಾಗಿರಬೇಕು.

ನಿಸ್ತಂತು ಮೈಕು ಏಕೆ?

ತಂತಿಯುಳ್ಳ ಮೈಕು ಅಗ್ಗ, ಬಾಳಿಕೆಯೂ ಹೆಚ್ಚು. ಆದರೆ ಅದು ವೇದಿಕೆಯನ್ನು ಬಿಟ್ಟು ಬರುವುದಿಲ್ಲ. ಗ್ರಾಮಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತ ವೃದ್ಧೆಯೊಬ್ಬರು ಪಿಂಚಣಿ ನಿಂತುಹೋದ ವಿಷಯ ಹೇಳಲು ಎದ್ದು ನಿಂತರೆ, ಅವರ ಮಾತು ಅಧ್ಯಕ್ಷರಿಗೂ ನಡಾವಳಿ ಬರೆಯುವವರಿಗೂ ಕೇಳಿಸಬೇಕು. ಕೇಳದ ಮಾತು ನಡಾವಳಿ ಪುಸ್ತಕಕ್ಕೆ ಸೇರುವುದಿಲ್ಲ. ಪುಸ್ತಕಕ್ಕೆ ಸೇರದ ಅಹವಾಲಿಗೆ ಉತ್ತರವೂ ಬರುವುದಿಲ್ಲ. ತರಗತಿಯಲ್ಲಿ ಪ್ರಶ್ನೆ ಕೇಳಲು ಅಂಜುವ ವಿದ್ಯಾರ್ಥಿನಿಯ ಸ್ಥಿತಿಯೂ ಇದೇ. ಮಾತನಾಡುವವರನ್ನು ಮೈಕಿನ ಬಳಿಗೆ ಕರೆಯುವುದಕ್ಕಿಂತ ಮೈಕನ್ನೇ ಅವರ ಬಳಿಗೆ ಒಯ್ಯುವುದು ಮೇಲು.

ಆದುದರಿಂದ ವೇದಿಕೆಗೆ ತಂತಿಯ ಮೈಕನ್ನು ಉಳಿಸಿಕೊಂಡು, ಸಭಿಕರಿಗಾಗಿ ಎರಡು ಕೈಮೈಕುಗಳಿರುವ ಒಂದು ನಿಸ್ತಂತು ಸೆಟ್ ಪಡೆಯುವುದು ಮಿತವ್ಯಯದ ಮಾರ್ಗ. ವಿದ್ಯುತ್ಕೋಶ ಮುಗಿದಾಗಲೂ ಸಭೆ ನಿಲ್ಲುವುದಿಲ್ಲ.

ಮೊದಲು ಇರುವುದನ್ನು ಪರೀಕ್ಷಿಸಿ

ಧ್ವನಿ ಸ್ಪಷ್ಟವಾಗಿಲ್ಲವೆಂಬ ದೂರಿಗೆ ಪ್ರತಿಸಲವೂ ಮೈಕೇ ಕಾರಣವಲ್ಲ. ಸಭಾಂಗಣದ ಆಂಪ್ಲಿಫೈಯರ್‌ಗೆ ಉತ್ತಮ ತಂತಿ ಮೈಕೊಂದನ್ನು ಜೋಡಿಸಿ ಮಾತನಾಡಿ ನೋಡಬೇಕು. ಆಗಲೂ ಹಿಂದಿನ ಸಾಲಿಗೆ ಮಾತು ತಿಳಿಯದಿದ್ದರೆ ದೋಷವು ಸ್ಪೀಕರಿನಲ್ಲಿ, ಅದನ್ನು ಇರಿಸಿದ ಜಾಗದಲ್ಲಿ ಅಥವಾ ಕಟ್ಟಡದ ಪ್ರತಿಧ್ವನಿಯಲ್ಲಿದೆ. ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಸದ್ದು ಹೆಚ್ಚಿಸಿದರಷ್ಟೇ ಸಾಲದು. ಸ್ಪೀಕರುಗಳು ಸಭಿಕರಿಗೆ ಸಮೀಪವಿರಬೇಕು. ಸ್ಪೀಕರುಗಳು ಮಾತನಾಡುವವರ ಹಿಂದಿದ್ದರೆ ಅವುಗಳ ಧ್ವನಿ ಮರಳಿ ಮೈಕಿಗೆ ಹೊಕ್ಕು ಕಿರ್ರೆಂಬ ಸದ್ದು ಹುಟ್ಟುತ್ತದೆ. ಎಷ್ಟೇ ಬೆಲೆಯ ನಿಸ್ತಂತು ಮೈಕು ತಂದರೂ ಈ ದೋಷ ತಾನಾಗಿ ನಿವಾರಣೆಯಾಗದು.

ತರಂಗಾಂತರದ ವಿಚಾರ

ನಿಸ್ತಂತು ಮೈಕು ಒಂದು ಪುಟ್ಟ ರೇಡಿಯೋ ಪ್ರಸಾರಕ. ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆಗಳು ದೊರೆಯುತ್ತವೆ.

1. ವಿಎಚ್‌ಎಫ್ ಬಗೆ: ಬೆಲೆ ಕಡಿಮೆ. ಅಗ್ಗದ ಮಾದರಿಗಳಲ್ಲಿ ತರಂಗಾಂತರವನ್ನು ಬದಲಿಸಲಾಗದು. ಸಮೀಪದ ಸಭಾಭವನದಲ್ಲಿ ಅದೇ ತರಂಗಾಂತರದ ಮೈಕಿದ್ದರೆ ಅಲ್ಲಿನ ಮಾತು ಇಲ್ಲಿ ಕೇಳಿಸುವ ಸಂಭವವುಂಟು.

2. ಯುಎಚ್‌ಎಫ್ ಬಗೆ: ಚಾನೆಲ್ ಬದಲಿಸುವ ಸೌಲಭ್ಯವಿರುವ ಮಾದರಿಗಳು ಸಭಾಂಗಣಕ್ಕೆ ಹೆಚ್ಚು ಸೂಕ್ತ. ಆದರೆ 703ರಿಂದ 748 ಮತ್ತು 758ರಿಂದ 803 ಮೆಗಾಹರ್ಟ್ಸ್ ತರಂಗಾಂತರಗಳನ್ನು ಮೊಬೈಲ್ ಸೇವೆಗೆ ಗುರುತಿಸಲಾಗಿದ್ದು, ಅವುಗಳ ಒಂದು ಭಾಗ 2022ರ ಹರಾಜಿನಲ್ಲಿ ಮಾರಾಟವಾಗಿದೆ. ಈ ವ್ಯಾಪ್ತಿಯ ಹಳೆಯ ದಾಸ್ತಾನು ರಿಯಾಯಿತಿಯಲ್ಲಿ ಸಿಕ್ಕಿದರೂ ಕೊಳ್ಳಬಾರದು.

3. 2.4 ಗಿಗಾಹರ್ಟ್ಸ್ ಡಿಜಿಟಲ್ ಬಗೆ: ಭಾರತದಲ್ಲಿ ಪರವಾನಗಿಮುಕ್ತ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ. ವೈಫೈ ಮತ್ತು ಬ್ಲೂಟೂತ್ ಕೂಡ ಇದೇ ಪಟ್ಟಿಯನ್ನು ಬಳಸುವುದರಿಂದ ತುಂಬಿದ ಸಭಾಂಗಣದಲ್ಲಿ ಮಾತು ತುಂಡಾಗಬಹುದು. ಚಿಕ್ಕ ತರಗತಿ ಕೋಣೆಗೆ ಇದು ಸಾಕು.

ಯಾವುದನ್ನೇ ಕೊಂಡರೂ ಸರಬರಾಜುದಾರರಿಂದ ದೂರಸಂಪರ್ಕ ಇಲಾಖೆಯ ಉಪಕರಣ ಮಾದರಿ ಅನುಮೋದನೆಯ ಪ್ರತಿಯನ್ನೂ ಬಿಐಎಸ್ ನೋಂದಣಿ ಸಂಖ್ಯೆಯನ್ನೂ ಕೇಳಿ ಪಡೆಯತಕ್ಕದ್ದು.

ಗಮನಿಸಬೇಕಾದ ಗುಣಲಕ್ಷಣಗಳು

ಮಾತಿಗೆ ಡೈನಮಿಕ್ ಬಗೆಯ, ಎದುರಿನ ಧ್ವನಿಯನ್ನು ಹಿಡಿದು ಹಿಂಬದಿಯ ಸದ್ದನ್ನು ತಗ್ಗಿಸುವ ಕಾರ್ಡಿಯಾಯ್ಡ್ ಮೈಕು ತಕ್ಕುದು. ರಿಸೀವರಿನಲ್ಲಿ ಪ್ರತಿ ಚಾನೆಲಿಗೂ ಡೈವರ್ಸಿಟಿ ವ್ಯವಸ್ಥೆಯಿದ್ದರೆ ಒಳ್ಳೆಯದು. ಅದರಲ್ಲಿ ಎರಡು ಆಂಟೆನಾಗಳ ಪೈಕಿ ಉತ್ತಮ ಸಂಕೇತವನ್ನು ಯಂತ್ರವೇ ಆರಿಸಿಕೊಳ್ಳುತ್ತದೆ. ಹೊರಗೆ ಎರಡು ಆಂಟೆನಾ ಕಂಡ ಮಾತ್ರಕ್ಕೆ ಡೈವರ್ಸಿಟಿ ಇದೆಯೆಂದು ತಿಳಿಯಬಾರದು. ಎರಡು ಮೈಕಿಗೆ ಒಂದೊಂದರಂತೆ ಇಟ್ಟಿರುವ ಮಾದರಿಗಳೂ ಇವೆ.

ಮೈಕು ಪೇಟೆಯಲ್ಲಿ ಸಿಗುವ ಎಎ ಅಳತೆಯ ಸೆಲ್ಲಿನಿಂದ ನಡೆಯುವಂತಿರಲಿ. ಒಳಗೇ ಕೂರಿಸಿದ ಬ್ಯಾಟರಿ ಕೆಟ್ಟರೆ ಇಡೀ ಮೈಕು ಮೂಲೆ ಸೇರುತ್ತದೆ. ಎರಡು ಮೈಕಿಗೆ ತಲಾ ಎರಡು ಸೆಲ್, ತಿಂಗಳಿಗೆ ನಾಲ್ಕು ಕಾರ್ಯಕ್ರಮ, ಪ್ರತಿಬಾರಿಯೂ ಹೊಸ ಸೆಲ್ ಎಂದು ಲೆಕ್ಕ ಹಾಕಿದರೆ ವರ್ಷಕ್ಕೆ 192 ಸೆಲ್ ಬೇಕಾಗುತ್ತವೆ. ಬದಲಾಗಿ ಎಂಟು ಮರುಪೂರಣದ ಸೆಲ್ಲುಗಳೂ ಒಂದು ಚಾರ್ಜರೂ ಇದ್ದರೆ ನಾಲ್ಕು ಬಳಕೆಯಲ್ಲಿ, ನಾಲ್ಕು ಸಿದ್ಧವಾಗಿ ಇರುತ್ತವೆ. ಈ ಮೊತ್ತವನ್ನು ಮೂಲ ಅಂದಾಜಿನಲ್ಲಿಯೇ ಸೇರಿಸಬೇಕು.

ಪ್ರಾತ್ಯಕ್ಷಿಕೆಯ ನಂತರವೇ ಹಣ ಪಾವತಿ

ಪೆಟ್ಟಿಗೆಯ ಮೇಲೆ ಮುದ್ರಿಸಿದ ದೂರವು ಬಯಲಿನಲ್ಲಿ ಅಳೆದದ್ದು. ಮನುಷ್ಯ ಶರೀರವು ರೇಡಿಯೋ ತರಂಗಗಳನ್ನು ಹೀರುವುದರಿಂದ ಜನ ತುಂಬಿದಾಗ ಆ ದೂರ ಕುಗ್ಗುತ್ತದೆ. ಜನರಿರುವಾಗಲೇ ಸಭಾಂಗಣದ ಕೊನೆಯ ಮೂಲೆಗೆ ನಡೆದು, ರಿಸೀವರಿಗೆ ಬೆನ್ನು ಹಾಕಿ ಮಾತನಾಡಿ ನೋಡಬೇಕು. ಎರಡೂ ಮೈಕುಗಳನ್ನು ಒಟ್ಟಿಗೆ ಬಳಸಬೇಕು. ರಿಸೀವರನ್ನು ಕಬ್ಬಿಣದ ಕಪಾಟಿನೊಳಗಿಡದೆ, ಕುಳಿತವರ ತಲೆಗಿಂತ ಎತ್ತರದಲ್ಲಿ ಇರಿಸಬೇಕು.

ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಅನುಗುಣವಾಗಿರತಕ್ಕದ್ದು. ದರಪಟ್ಟಿ ಕೇಳುವಾಗ ಕಂಪೆನಿಯ ಹೆಸರಿನ ಬದಲು ಮೇಲಿನ ಗುಣಲಕ್ಷಣಗಳನ್ನೇ ನಮೂದಿಸಬೇಕು. ಖಾತರಿ ಅವಧಿ, ದುರಸ್ತಿ ಕೇಂದ್ರವಿರುವ ಊರು, ಬಿಡಿಭಾಗಗಳ ಲಭ್ಯತೆ ಲಿಖಿತವಾಗಿರಲಿ. ಉಪಕರಣವನ್ನು ದಾಸ್ತಾನು ವಹಿಯಲ್ಲಿ ದಾಖಲಿಸಿ, ಕಾಲೇಜಿನ ಒಬ್ಬ ಸಿಬ್ಬಂದಿಯನ್ನು ಹೊಣೆಗಾರರನ್ನಾಗಿ ಸೂಚಿಸಬೇಕು.

ಬಳಕೆ ಮತ್ತು ಜೋಪಾನ

ಮೈಕನ್ನು ಬಾಯಿಯಿಂದ ನಾಲ್ಕೈದು ಬೆರಳಗಲದಲ್ಲಿ ಹಿಡಿಯಬೇಕು. ಜಾಲರಿಯ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಬಾರದು, ತಟ್ಟಿ ಪರೀಕ್ಷಿಸಬಾರದು. ನಮ್ಮ ಕರಾವಳಿಯ ಆಷಾಢದ ತೇವಕ್ಕೆ ಲೋಹದ ಸಂಪರ್ಕಗಳು ಬೇಗ ಕಿಲುಬುಗಟ್ಟುತ್ತವೆ. ರಜೆಯ ಮುನ್ನ ಸೆಲ್ ತೆಗೆದು, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಿದ ಡಬ್ಬಿಯಲ್ಲಿಡಬೇಕು.

ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ಶಿಕ್ಷಣ ಸಂಸ್ಥೆಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕದ ಬಳಕೆಗೆ ನಿರ್ಬಂಧವಿದೆ. ಸ್ಪೀಕರುಗಳು ಸಭಾಂಗಣದ ಒಳಕ್ಕೇ ಮುಖ ಮಾಡಿರಲಿ.

ಸದಸ್ಯರು ಈ ಅಂಶಗಳನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚಿಸುವುದು ಉಚಿತ. ಮೈಕು ಬಂದ ಬಳಿಕ ನಡೆಯುವ ಮೊದಲ ಗ್ರಾಮಸಭೆಯಲ್ಲಿ ಅದನ್ನು ಮೊದಲು ಹಿಂದಿನ ಸಾಲಿಗೆ ಕಳುಹಿಸಿಕೊಡಬೇಕೆಂದು ಕೋರಲಾಗಿದೆ.