ಬಾಣಂತನ: ಮದ್ದು ಎಷ್ಟು, ಆರೈಕೆ ಎಷ್ಟು

ಹೆರಿಗೆಯಾದ ಕೂಡಲೇ ಸುಮಾರು ಒಂದು ಕಿಲೋ ತೂಗುವ ಗರ್ಭಕೋಶವು ಆರು ವಾರಗಳೊಳಗೆ ಕುಗ್ಗಿ 60ರಿಂದ 80 ಗ್ರಾಮಿನಷ್ಟಾಗುತ್ತದೆ. ಇದೇ ಅವಧಿಯಲ್ಲಿ ಕಳೆದುಹೋದ ರಕ್ತ ತುಂಬಿಕೊಳ್ಳಬೇಕು, ಗಾಯ ಮಾಯಬೇಕು, ಎದೆಹಾಲು ನೆಲೆ ನಿಲ್ಲಬೇಕು. ಇಷ್ಟೆಲ್ಲ ಕೆಲಸ ಒಟ್ಟಿಗೆ ನಡೆಯುವ ದೇಹಕ್ಕೆ ವಿಶೇಷ ಉಪಚಾರ ಬೇಕೆಂಬುದನ್ನು ಹಳೆಯ ಮೈಸೂರು ಸೀಮೆಯ ಮನೆಗಳು ಬಹುಹಿಂದೆಯೇ ಅರಿತು ಬಾಣಂತನ ಎಂಬ ವ್ಯವಸ್ಥೆಯನ್ನು ರೂಢಿಸಿಕೊಂಡವು. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳು ಮೂರು ತಿಂಗಳಾದರೂ ಅಲ್ಲೇ ಉಳಿಯುವ, ಆಕೆಯ ಊಟ, ಸ್ನಾನ, ನಿದ್ದೆಗಳ ಹೊಣೆಯನ್ನು ತಾಯಿ, ಅಜ್ಜಿ, ಅತ್ತಿಗೆಯರು ಹಂಚಿಕೊಳ್ಳುವ ಈ ಪದ್ಧತಿಯಲ್ಲಿ ಗಿಡಮೂಲಿಕೆಗಳಿಗೂ ದೊಡ್ಡ ಸ್ಥಾನವಿದೆ.

ಆಯುರ್ವೇದವು ಬಾಣಂತಿಯನ್ನು ‘ಸೂತಿಕಾ’ ಎಂದು ಕರೆದು, ಒಂದೂವರೆ ತಿಂಗಳು ಅಥವಾ ಮತ್ತೆ ಮುಟ್ಟಾಗುವವರೆಗಿನ ಕಾಲವನ್ನು ಆಕೆಯ ವಿಶೇಷ ಉಪಚಾರಕ್ಕೆಂದು ಗೊತ್ತುಮಾಡುತ್ತದೆ. ಹೆರಿಗೆಯಿಂದ ಜೀರ್ಣಶಕ್ತಿಯಾದ ‘ಅಗ್ನಿ’ ಕುಂದುತ್ತದೆ, ಖಾಲಿಯಾದ ಹೊಟ್ಟೆಯಲ್ಲಿ ‘ವಾತ’ ಕೆರಳುತ್ತದೆ ಎಂಬುದು ಅದರ ಮೂಲ ತರ್ಕ. ಆದ್ದರಿಂದಲೇ ಹಿಪ್ಪಲಿ, ಹಿಪ್ಪಲಿ ಬೇರು, ಶುಂಠಿ ಮೊದಲಾದವುಗಳ ಪುಡಿಯನ್ನು ತುಪ್ಪ ಅಥವಾ ಎಣ್ಣೆಯೊಡನೆ ಕುಡಿಸಿ, ಹೊಟ್ಟೆಗೆ ಎಣ್ಣೆ ಹಚ್ಚಿ ಅಗಲವಾದ ಬಟ್ಟೆ ಸುತ್ತಬೇಕೆಂದು ಚರಕಸಂಹಿತೆ ವಿಧಿಸುತ್ತದೆ. 1908ರಲ್ಲಿ ಆರಂಭವಾದ ಮೈಸೂರಿನ ಸರ್ಕಾರಿ ಆಯುರ್ವೇದ ವೈದ್ಯಕೀಯ ಕಾಲೇಜು ಈ ಶಾಸ್ತ್ರವನ್ನು ಬೋಧಿಸುತ್ತ ಬಂದಿದ್ದರೆ, ಅದಕ್ಕೆ ಸಮೀಪದಲ್ಲೇ ಇರುವ ಚೆಲುವಾಂಬ ಆಸ್ಪತ್ರೆ ಆಧುನಿಕ ಹೆರಿಗೆ ವೈದ್ಯದ ಕೇಂದ್ರವಾಗಿದೆ. ನಗರದ ಅನೇಕ ಬಾಣಂತಿಯರ ಆರೈಕೆಯಲ್ಲಿಯೂ ಈ ಎರಡು ಪರಂಪರೆಗಳು ಹೀಗೆಯೇ ಅಕ್ಕಪಕ್ಕದಲ್ಲಿವೆ.

ದೇವರಾಜ ಮಾರುಕಟ್ಟೆಯ ಆಸುಪಾಸಿನ ಗ್ರಂಧಿಗೆ ಅಂಗಡಿಗಳಲ್ಲಿ, ಅಂದರೆ ಪೂಜಾಸಾಮಗ್ರಿ ಮತ್ತು ಒಣ ಗಿಡಮೂಲಿಕೆಗಳನ್ನು ಮಾರುವ ಅಂಗಡಿಗಳಲ್ಲಿ, ಬಾಣಂತಿಯ ಮದ್ದಿಗೆ ಬೇಕಾದ ಸಾಮಾನೆಲ್ಲ ಸಿಗುತ್ತದೆ. ಒಣಶುಂಠಿ, ಹಿಪ್ಪಲಿ, ಓಮ, ಜೀರಿಗೆ, ಮೆಣಸುಗಳನ್ನು ಹುರಿದು ಪುಡಿಮಾಡಿ, ಬೆಲ್ಲದ ಪಾಕಕ್ಕೆ ಹಾಕಿ, ತುಪ್ಪ ಬಿಡುವವರೆಗೆ ಮಗುಚಿ ಇಳಿಸಿದರೆ ಮನೆಯ ಲೇಹ್ಯ ಸಿದ್ಧವಾಗುತ್ತದೆ. ಶುಂಠಿಯನ್ನು ಹಾಲು, ತುಪ್ಪ, ಸಕ್ಕರೆಗಳೊಡನೆ ಪಾಕಮಾಡಿ ತಯಾರಿಸುವ ಸೌಭಾಗ್ಯ ಶುಂಠಿ ಲೇಹ್ಯ ಮತ್ತು ಬಿಲ್ವ, ನೆಗ್ಗಿಲು ಮೊದಲಾದ ಹತ್ತು ಗಿಡಗಳ ಬೇರುಗಳನ್ನು ಕುದಿಸಿ ಹುದುಗಿಸಿದ ದಶಮೂಲಾರಿಷ್ಟ ಶಾಸ್ತ್ರೀಯ ಔಷಧಗಳಾಗಿ ಹೆಸರಾಗಿವೆ.

ಮದ್ದಿನಷ್ಟೇ ಮುಖ್ಯವಾದದ್ದು ಎಣ್ಣೆನೀರು. ನೆತ್ತಿಗೆ ಬೆಚ್ಚಗಿನ ಹರಳೆಣ್ಣೆಯನ್ನೂ ಮೈಗೆ ಎಳ್ಳೆಣ್ಣೆಯನ್ನೂ ತಿಕ್ಕಿ, ಲಕ್ಕಿ ಸೊಪ್ಪು ಅಥವಾ ಬೇವಿನ ಸೊಪ್ಪು ಹಾಕಿ ಹಂಡೆಯಲ್ಲಿ ಕಾಯಿಸಿದ ನೀರನ್ನು ಸೊಂಟದ ಮೇಲೆ ಚೊಂಬುಚೊಂಬಾಗಿ ಎರೆದು, ಸೀಗೆಪುಡಿಯಿಂದ ಎಣ್ಣೆ ತೆಗೆದು, ಸಾಂಬ್ರಾಣಿ ಹೊಗೆಯಲ್ಲಿ ಕೂದಲು ಆರಿಸಿ, ತಲೆಗೆ ಬಟ್ಟೆ ಕಟ್ಟಿ ಮಲಗಿಸುವ ಕ್ರಮ ಇದು. ಬಿಸಿನೀರು ಬಿಗಿದ ಸ್ನಾಯುಗಳನ್ನು ಸಡಿಲಿಸುತ್ತದೆ, ತಿಕ್ಕುವ ಕೈ ನೋವು ಮರೆಸುತ್ತದೆ, ಸ್ನಾನದ ನಂತರ ಮಗುವನ್ನು ಇನ್ನೊಬ್ಬರು ನೋಡಿಕೊಳ್ಳುವುದರಿಂದ ತಾಯಿಗೆ ಒಂದಷ್ಟು ಹೊತ್ತು ಗಾಢ ನಿದ್ದೆ ದಕ್ಕುತ್ತದೆ. ಸಿಸೇರಿಯನ್ ಆದವರು ಮಾತ್ರ ಗಾಯ ಪೂರ್ಣ ಮಾಯ್ದು ವೈದ್ಯರು ಒಪ್ಪುವವರೆಗೆ ಹೊಟ್ಟೆಗೆ ತಿಕ್ಕಿಸಿಕೊಳ್ಳಬಾರದು, ಬಿಗಿಯಾಗಿ ಬಟ್ಟೆ ಕಟ್ಟಿಸಿಕೊಳ್ಳಲೂಬಾರದು.

ಊಟದ ವಿಷಯಕ್ಕೆ ಬಂದರೆ, ಬಿಸಿ ಅನ್ನಕ್ಕೆ ತುಪ್ಪ, ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಮೆಂತ್ಯ ಮೈಸೂರಿನ ಬಾಣಂತಿಯ ತಟ್ಟೆಯಲ್ಲಿ ಸಾಮಾನ್ಯವಾದರೆ, ಉತ್ತರ ಕರ್ನಾಟಕದಲ್ಲಿ ಅಂಟು, ಕೊಬ್ಬರಿ, ಉತ್ತತ್ತಿಗಳ ಅಂಟಿನ ಉಂಡೆಗೆ ಆದ್ಯತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ 600 ಕಿಲೋ ಕ್ಯಾಲರಿ ಶಕ್ತಿ ಮತ್ತು ಸುಮಾರು 17 ಗ್ರಾಂ ಪ್ರೋಟೀನ್ ಹೆಚ್ಚುವರಿಯಾಗಿ ಬೇಕು. ತುಪ್ಪ, ಉಂಡೆ, ಲೇಹ್ಯಗಳು ಶಕ್ತಿಯನ್ನು ಧಾರಾಳವಾಗಿ ಒದಗಿಸುತ್ತವೆ. ಪ್ರೋಟೀನಿಗೆ ಮಾತ್ರ ಬೇಳೆ, ಕಾಳು, ಹಾಲು, ಮೊಟ್ಟೆಗಳೇ ಆಗಬೇಕು. ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಕೊಡುವ ರಾಗಿ ಈ ಸೀಮೆಯದೇ ಸಂಪತ್ತು.

ಈ ಮದ್ದುಗಳ ಬಗ್ಗೆ ವಿಜ್ಞಾನ ಹೇಳುವುದು ಮಿತವಾದ ಮಾತು. ಹಾಲು ಹೆಚ್ಚಿಸುತ್ತದೆಂದು ನಂಬಲಾದ ಶತಾವರಿ, ಅಂದರೆ ಹಳ್ಳಿಗರ ‘ಹಲವು ಮಕ್ಕಳ ತಾಯಿ ಬೇರು’, ಪ್ರಯೋಜನ ಕಾಣಿಸಲಿಲ್ಲವೆಂದು 1996ರ ಒಂದು ಭಾರತೀಯ ಅಧ್ಯಯನವೂ, ಹಾಲಿಗೆ ಕಾರಣವಾದ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಹೆಚ್ಚಿಸಿತೆಂದು 2011ರ ಇನ್ನೊಂದು ಸಣ್ಣ ಅಧ್ಯಯನವೂ ಹೇಳಿವೆ. ಮೆಂತ್ಯದ ಫಲಿತಾಂಶಗಳೂ ಹೀಗೆಯೇ ಮಿಶ್ರವಾಗಿವೆ. ತಾಯಿ ಬೆಳ್ಳುಳ್ಳಿ ತಿಂದಾಗ ಹಾಲಿನ ವಾಸನೆ ಬದಲಾಗಿ ಮಗು ಹೆಚ್ಚು ಹೊತ್ತು ಎದೆಗೆ ಅಂಟಿಕೊಂಡಿರುತ್ತದೆಂದು 1991ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ಆದರೆ ಹಾಲು ಹೆಚ್ಚಲು ಎಲ್ಲಕ್ಕಿಂತ ಖಚಿತವಾದ ದಾರಿಯೆಂದರೆ ಮಗು ಮೇಲಿಂದ ಮೇಲೆ ಸರಿಯಾಗಿ ಚೀಪುವುದೇ. ಸೊಪ್ಪು, ಬೇರುಗಳದು ಅದಕ್ಕೆ ಒತ್ತಾಸೆಯಾಗಿ ನಿಲ್ಲುವ ಪಾತ್ರ.

ಪರಂಪರೆಯಲ್ಲಿ ಕೈಬಿಡಲೇಬೇಕಾದ ಕೆಲವು ರೂಢಿಗಳೂ ಇವೆ. ಹೊಟ್ಟೆ ಬರುತ್ತದೆಂದು ನೀರು ಕೊಡದಿರುವುದು ಅವುಗಳಲ್ಲಿ ಅತ್ಯಂತ ಅಪಾಯಕಾರಿ. ಹೆರಿಗೆಯ ನಂತರ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುವುದರಿಂದ, ನೀರಿಲ್ಲದೆ ಅಲುಗಾಡದೆ ಮಲಗಿದ ಬಾಣಂತಿಯ ಕಾಲಿನಲ್ಲೋ ಮಿದುಳಿನ ರಕ್ತನಾಳದಲ್ಲೋ ಹೆಪ್ಪು ಉಂಟಾಗುವ ಸಂಭವವಿದೆ. ಬಾಣಂತಿಯರ ಮಿದುಳಿನ ಇಂಥ ಹೆಪ್ಪನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ‘ನಂಜು’ ಎಂದು ತರಕಾರಿ, ಹಣ್ಣುಗಳನ್ನು ದೂರವಿಡುವುದರಿಂದ ರಕ್ತಹೀನತೆ, ಮಲಬದ್ಧತೆ ಹೆಚ್ಚುತ್ತವೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿ ಪ್ರಾಣಕ್ಕೆ ಸಂಚಕಾರ ಬರುತ್ತದೆ. ಮೊದಲ ದಪ್ಪ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ಹಸುಗೂಸಿಗೆ ಬಜೆ ತೇಯ್ದು ನೆಕ್ಕಿಸುವುದು ಇವೆರಡೂ ಸಲ್ಲ. ಮೊದಲ ಆರು ತಿಂಗಳು ಮಗುವಿಗೆ ಎದೆಹಾಲೊಂದೇ ಸಾಕು.

ಗಿಡಮೂಲಿಕೆಯೆಂದ ಮಾತ್ರಕ್ಕೆ ಅಪಾಯವಿಲ್ಲವೆಂದು ಭಾವಿಸುವುದೂ ತಪ್ಪು. ಅರಿಷ್ಟಗಳಲ್ಲಿ ಹುದುಗುವಿಕೆಯಿಂದ ಹುಟ್ಟಿದ ಮದ್ಯಸಾರ ಇರುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಬೆಲ್ಲದ ಲೇಹ್ಯ ಹೊಂದುವುದಿಲ್ಲ. ಮೆಂತ್ಯ ಅತಿಯಾದರೆ ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂಗಡಿಗಳಿಂದ ಕೊಂಡು ಪರೀಕ್ಷಿಸಿದ 70 ಆಯುರ್ವೇದ ಉತ್ಪನ್ನಗಳ ಪೈಕಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಹಿಡಿಯಿತು. ಹಾಗಾಗಿ ಹೆಸರು, ಪರವಾನಗಿ ಸಂಖ್ಯೆ ಇಲ್ಲದ ಪೊಟ್ಟಣಗಳನ್ನು ಬದಿಗಿಟ್ಟು, ಅರ್ಹ ಆಯುರ್ವೇದ ವೈದ್ಯರ ಸಲಹೆಯಂತೆ ಮದ್ದು ಪಡೆದು, ಹೆರಿಗೆ ವೈದ್ಯರಿಗೂ ಅದನ್ನು ತಿಳಿಸುವುದು ಕ್ಷೇಮ. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು 180 ದಿನ ಮುಂದುವರಿಸಬೇಕು. ಲೇಹ್ಯ ಅವುಗಳ ಬದಲಿಗೆ ಬರುವುದಿಲ್ಲ.

ಗಂಟೆಗೊಂದು ಪ್ಯಾಡ್ ತೊಯ್ಯುವ ರಕ್ತಸ್ರಾವ, ಜ್ವರ, ದುರ್ವಾಸನೆಯ ಸ್ರಾವ, ಕಣ್ಣು ಮಂಜಾಗುವ ತಲೆನೋವು, ಫಿಟ್ಸ್, ಒಂದೇ ಕಾಲಿನ ಊತ, ಉಸಿರಾಟದ ತೊಂದರೆ ಕಂಡರೆ ಕಷಾಯ ಕಾಯಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಎರಡು ವಾರ ಕಳೆದರೂ ಬಿಡದ ಅಳು, ನಿದ್ದೆಗೇಡು, ಮಗುವಿನ ಮೇಲೆ ಮನಸ್ಸಿಲ್ಲದಿರುವುದು ‘ಗಾಳಿ ಸೋಕಿದ’ ಲಕ್ಷಣಗಳಲ್ಲ, ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆ. ಇದಕ್ಕೆ 14416 ಟೆಲಿ-ಮಾನಸ್ ಸಹಾಯವಾಣಿ ಉಚಿತವಾಗಿದೆ. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುವುದು ಇಂಥ ಚಿಹ್ನೆಗಳನ್ನು ಬೇಗ ಗುರುತಿಸಲು ನೆರವಾಗುತ್ತದೆ.

ಬಾಣಂತನದ ನಿಜವಾದ ಬಲ ಇರುವುದು ತಾಯಿಯನ್ನು ಕೆಲಸದಿಂದ ಬಿಡಿಸುವ ಇತರರ ಕೈಗಳಲ್ಲಿ. ಸಂಘಟಿತ ವಲಯದ ಉದ್ಯೋಗಸ್ಥೆಗೆ 2017ರ ಕಾನೂನು ತಿದ್ದುಪಡಿಯಿಂದ 26 ವಾರಗಳ ಹೆರಿಗೆ ರಜೆ ದೊರೆತರೂ, ಮೈಸೂರಿನ ಬಡಾವಣೆಗಳಲ್ಲಿ ಮನೆಯಲ್ಲೇ ಕುಳಿತು ಊದುಬತ್ತಿ ಹೊಸೆಯುವ ಹೆಣ್ಣಿಗೆ ಅಂಥ ರಜೆಯಿಲ್ಲ. ಅದೇ 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯ ಅಂಗನವಾಡಿ ಬಿಸಿಯೂಟ ಆಕೆಗೆ ಒಂದು ಹೊತ್ತಿನ ಆಧಾರವಾದರೂ, ತವರಿನ ನೆರವಿಲ್ಲದ ಮನೆಗಳಲ್ಲಿ ಲೇಹ್ಯದ ಡಬ್ಬಿಯೊಂದನ್ನು ತಂದಿಟ್ಟು ಬಾಣಂತನ ಮುಗಿಯಿತೆಂದುಕೊಳ್ಳುವುದಕ್ಕಾಗದು. ಗಂಡ ನೀರು ಕಾಯಿಸಿ, ಅಡುಗೆ ಮಾಡಿ, ರಾತ್ರಿ ಮಗುವನ್ನು ಎತ್ತಿಕೊಂಡರೆ, ನೆರೆಹೊರೆಯವರು ಒಂದು ಹೊತ್ತಿನ ಸಾರು ತಂದುಕೊಟ್ಟರೆ, ಶುಂಠಿ ಹಿಪ್ಪಲಿಗಳೂ ತಮ್ಮ ಪಾಲಿನ ಉಪಕಾರ ಮಾಡುತ್ತವೆ. ಆ ಕೈಗಳೇ ಇಲ್ಲದ ಮನೆಯಲ್ಲಿ ಬಾಣಂತಿಯ ದಣಿವನ್ನು ಯಾವ ಬೇರೂ ನೀಗಿಸಲಾರದು.